ಕಪ್ಪೆಯ ಚರ್ಮ ಕೆಟ್ಟರೆ ಮೊದಲು ನೀರು ನೋಡಿ

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಹೊಟ್ಟೆ ಒತ್ತಿ ಕೂರುತ್ತದೆ. ಕೆಳಹೊಟ್ಟೆ ಮತ್ತು ತೊಡೆಯ ತೆಳು ಚರ್ಮ ನೀರನ್ನು ಹೀರಿಕೊಳ್ಳುತ್ತದೆ. ಉಸಿರಾಟದಲ್ಲೂ ಚರ್ಮಕ್ಕೆ ದೊಡ್ಡ ಪಾಲಿದೆ. ರಕ್ತದಲ್ಲಿ ಎಷ್ಟು ಉಪ್ಪು ಉಳಿಯಬೇಕು ಅನ್ನುವುದನ್ನೂ ಅದೇ ನೋಡಿಕೊಳ್ಳುತ್ತದೆ. ನಮ್ಮ ಮೈಮೇಲೆ ಕಜ್ಜಿ ಎದ್ದರೆ ತುರಿಸಿಕೊಂಡು ನಾಲ್ಕು ದಿನ ತಳ್ಳಬಹುದು. ಕಪ್ಪೆಯ ಚರ್ಮ ಕೆಟ್ಟರೆ ಕುಡಿಯುವುದು, ಉಸಿರಾಡುವುದು, ಉಪ್ಪು ಹಿಡಿದಿಟ್ಟುಕೊಳ್ಳುವುದು ಮೂರೂ ಒಟ್ಟಿಗೆ ಕೆಡುತ್ತವೆ.

ಕೊಡಗಿನಲ್ಲಿ ಕುಳಿತು ಇದನ್ನು ಬರೆಯಲು ಕಾರಣವಿದೆ. ಬೆಂಗಳೂರು, ಮೈಸೂರಿನ ಅಕ್ವೇರಿಯಂ ಅಂಗಡಿಗಳಿಂದ ಆಕ್ಸಲಾಟಲ್ (ಕಪ್ಪೆಯ ನೆಂಟನಾದ, ಬಾಲವಿರುವ ಸಾಲಮ್ಯಾಂಡರ್ ಬಳಗದ ಜೀವಿ) ತಂದು ಸಾಕುವವರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಮೆಕ್ಸಿಕೋದ ಈ ನೀರುಜೀವಿಗೆ ತಂಪು ಬೇಕು, ಮಡಿಕೇರಿಯ ಹವೆ ಹೊಂದುತ್ತದೆ ಅನ್ನುವುದು ಅವರ ಲೆಕ್ಕ. ಬಿಳಿ ಮೈಯ ಆಫ್ರಿಕನ್ ಕಪ್ಪೆ ಸಾಕುವವರೂ ಇದ್ದಾರೆ. ಮಳೆ ಶುರುವಾದರೆ ಗದ್ದೆಯಿಂದ ಗೊದಮೊಟ್ಟೆ ಹಿಡಿದು ಬಕೆಟ್ಟಿನಲ್ಲಿಡುವ ಮಕ್ಕಳಂತೂ ಯಾವತ್ತೂ ಇದ್ದರು. ಕಪ್ಪೆಗಳ ಬಗ್ಗೆ ಆಸಕ್ತಿ ಇರುವವನು ಅಂತ ಇವರೆಲ್ಲ ನನಗೆ ಫೋಟೋ ಕಳಿಸುತ್ತಾರೆ. ಮೈಮೇಲೆ ಬಿಳಿ ಕಲೆ, ಕೆಂಪು ತೊಡೆ, ಬೆರಳ ನಡುವೆ ಗುಳ್ಳೆ. ಜೊತೆಗೆ ಒಂದೇ ಪ್ರಶ್ನೆ: "ಅಣ್ಣ, ಇದಕ್ಕೆ ಯಾವ ಮುಲಾಮು ಹಚ್ಚೋದು?"

ಮುಲಾಮು ಆಮೇಲೆ. ಯಾವ ನೀರಲ್ಲಿ ಇಟ್ಟಿದ್ದೀರಿ, ಏನು ತಿನ್ನಿಸುತ್ತಿದ್ದೀರಿ, ಜೊತೆಗೆ ಬೇರೆ ಯಾವ ಪ್ರಾಣಿ ಇದೆ, ಅದನ್ನು ಮೊದಲು ಹೇಳಿ ಅನ್ನುತ್ತೇನೆ. ಸಾಕಿದ ಕಪ್ಪೆಗಳಲ್ಲಿ ಕಾಣುವ ಚರ್ಮದ ತೊಂದರೆಗಳಲ್ಲಿ ಬಹಳಷ್ಟು ಚರ್ಮದಲ್ಲಿ ಹುಟ್ಟಿದವೇ ಅಲ್ಲ. ನೀರು, ಆಹಾರ, ಬಿಸಿ, ಇಕ್ಕಟ್ಟು, ಇವುಗಳಲ್ಲಿ ಎಲ್ಲೋ ಏನೋ ತಪ್ಪಿರುತ್ತದೆ. ಅದು ಮೊದಲು ಚರ್ಮದಲ್ಲಿ ಕಾಣಿಸುತ್ತದೆ ಅಷ್ಟೆ.

ರೋಗ ಅಲ್ಲದ್ದು

ಹೆದರಿ ಕಳಿಸುವ ಫೋಟೋಗಳಲ್ಲಿ ಕೆಲವು ರೋಗದ್ದೇ ಅಲ್ಲ. ಕಪ್ಪೆ ಪೊರೆ ಬಿಡುತ್ತದೆ. ಕೆಲವು ಜಾತಿಗಳಲ್ಲಿ ಕೆಲವೇ ದಿನಕ್ಕೊಮ್ಮೆ, ಕೆಲವದರಲ್ಲಿ ವಾರಗಳಿಗೊಮ್ಮೆ. ರಾತ್ರಿ ಹೊತ್ತು ನಡೆಯುವುದರಿಂದ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಟಾರ್ಚ್ ಹಿಡಿದು ಸುಮ್ನೆ ಕೂತರೆ ನೋಡಬಹುದು. ಮೊದಲು ಬೆನ್ನು ಬಾಗಿಸುತ್ತದೆ. ಆಕಳಿಸುವ ಹಾಗೆ ಬಾಯಿ ತೆರೆದು ಮುಚ್ಚುತ್ತದೆ. ಹಿಂಗಾಲಿನಿಂದ ಪಕ್ಕೆ ಉಜ್ಜಿಕೊಳ್ಳುತ್ತದೆ. ತುಟಿಯ ಅಂಚಿನಲ್ಲಿ ತೆಳುವಾದ, ಹೊಳೆಯುವ ಪದರವೊಂದು ಸುಕ್ಕುಗಟ್ಟುತ್ತದೆ. ಆಮೇಲೆ ಬನಿಯನ್ ಅನ್ನು ತಲೆಯ ಮೇಲಿಂದ ಎಳೆದು ತೆಗೆದ ಹಾಗೆ ಇಡೀ ಪೊರೆಯನ್ನು ಮುಂಗಾಲಿನಿಂದ ಮುಂದಕ್ಕೆ ಎಳೆದುಕೊಂಡು ನುಂಗಿಬಿಡುತ್ತದೆ. ಕೆಲವೇ ನಿಮಿಷದ ಕೆಲಸ. ಆಮೇಲೆ ಮೈ ತೊಳೆದಿಟ್ಟಷ್ಟು ಹೊಸದಾಗಿ ಕಾಣುತ್ತದೆ.

ಇದನ್ನು ಯಾಕೆ ಇಷ್ಟು ವಿವರವಾಗಿ ಹೇಳಿದೆ ಅಂದರೆ, ಕೆಟ್ಟ ಪೊರೆ ಗುರುತಿಸಬೇಕಾದರೆ ಒಳ್ಳೆಯ ಪೊರೆ ಹೇಗೆ ಬೀಳುತ್ತದೆ ಅನ್ನುವುದು ಗೊತ್ತಿರಬೇಕು. ಪೊರೆ ಚೂರುಚೂರಾಗಿ ಬೀಳುತ್ತಿದ್ದರೆ, ಕಾಲಿಗೆ ಅಂಟಿಕೊಂಡು ನೇತಾಡುತ್ತಿದ್ದರೆ, ಕಪ್ಪೆ ಅದನ್ನು ತಿನ್ನದೆ ಬಿಟ್ಟಿದ್ದರೆ, ದಿನವೂ ನೀರಿನಲ್ಲಿ ಪೊರೆಯ ತುಣುಕು ತೇಲುತ್ತಿದ್ದರೆ ಏನೋ ಸರಿ ಇಲ್ಲ.

ಬಣ್ಣದ ವಿಷಯವೂ ಹಾಗೇ. ನಮ್ಮ ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡು ಕೂರುವ ಮರಗಪ್ಪೆ ಒಂದು ಹೊತ್ತು ಸುಣ್ಣದ ಬಣ್ಣಕ್ಕಿರುತ್ತದೆ, ಇನ್ನೊಂದು ಹೊತ್ತು ಕಡುಕಂದು. ಬೆಳಕು, ಚಳಿ, ಗಾಬರಿಗೆ ತಕ್ಕ ಹಾಗೆ ಕಪ್ಪೆಗಳ ಬಣ್ಣ ಬದಲಾಗುತ್ತದೆ. ಹೆಚ್ಚಿನ ಹಸಿರು ಕಪ್ಪೆಗಳ ಚರ್ಮದಲ್ಲಿ ನಿಜವಾಗಿ ಹಸಿರು ಬಣ್ಣದ ಪದರವೇ ಇರುವುದಿಲ್ಲ. ಕೆಳಗಿನ ಪದರ ನೀಲಿ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಅದರ ಮೇಲಿರುವ ಹಳದಿ ಪದರ ಅದನ್ನು ಸೋಸುತ್ತದೆ, ನಮಗೆ ಹಸಿರು ಕಾಣುತ್ತದೆ. ಹುಟ್ಟಿನಿಂದಲೇ ಆ ಹಳದಿ ಇಲ್ಲದಿದ್ದರೆ ಕಪ್ಪೆ ನೀಲಿಯಾಗಿರುತ್ತದೆ. ಕಪ್ಪು ಬಣ್ಣದ ಕಣಗಳಿಲ್ಲದಿದ್ದರೆ ಬಿಳಿ ಅಥವಾ ಹಳದಿ. ಅಂಗಡಿಯಲ್ಲಿ ಜಾಸ್ತಿ ಬೆಲೆಗೆ ಮಾರುವ ಬಿಳಿ ಕಪ್ಪೆಗಳು ಇಂಥವು. ಇದು ಕಾಯಿಲೆ ಅಲ್ಲ.

ನೀರು

ಟ್ಯಾಂಕಿನಲ್ಲಿ ಸಾಕುವ ಜೀವಿಗೆ ಮೊದಲ ಶತ್ರು ಅದರದೇ ಹೊಲಸು. ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಹೊಸ ಟ್ಯಾಂಕಿನಲ್ಲಿ ಅದನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರುವುದಿಲ್ಲ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ಅಲ್ಲೇ ಮೋಸ ಹೋಗುವುದು. ಅಮೋನಿಯಾ ಚರ್ಮವನ್ನು ಸುಡುತ್ತದೆ. ಆಕ್ಸಲಾಟಲ್‌ನ ಕಿವಿರು ಮುದುಡುತ್ತದೆ, ಮೈಮೇಲೆ ಲೋಳೆ ಜಾಸ್ತಿಯಾಗುತ್ತದೆ, ಅಲ್ಲಲ್ಲಿ ಕೆಂಪಾಗುತ್ತದೆ, ಚರ್ಮ ಸುಲಿಯುತ್ತದೆ. ಸುಲಿದ ಜಾಗದಲ್ಲಿ ಬಿಳಿ ಹತ್ತಿಯಂಥ ಬೂಷ್ಟು ಹಿಡಿಯುತ್ತದೆ. ಸಾಕಿದವರಿಗೆ ಕಾಣುವುದು ಬೂಷ್ಟು. ಔಷಧಿ ಹಾಕುವುದೂ ಬೂಷ್ಟಿಗೇ. ಆದರೆ ನೀರಿನ ಈ ಬೂಷ್ಟು, ಸ್ಯಾಪ್ರೊಲೆಗ್ನಿಯಾ, ಹೆಚ್ಚಾಗಿ ಮೊದಲೇ ಗಾಯವಾದ, ಸತ್ತ ಚರ್ಮದ ಮೇಲೆ ಕೂರುತ್ತದೆ. ಸುಡುವ ನೀರು ಹಾಗೇ ಇದ್ದರೆ ಬೂಷ್ಟು ಮತ್ತೆ ಬರುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ನೀರು ಪರೀಕ್ಷಿಸುವ ಕಿಟ್ ಸಿಗುತ್ತದೆ. ಅಮೋನಿಯಾ, ಅದರಿಂದಲೇ ಹುಟ್ಟುವ ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಔಷಧಿ ಬಾಟಲಿಗಿಂತ ಮೊದಲು ಕೊಳ್ಳಬೇಕಾದದ್ದು ಇದು.

ಬಿಸಿಯೂ ನೀರಿನದೇ ಲೆಕ್ಕ. ಆಕ್ಸಲಾಟಲ್‌ಗೆ 16ರಿಂದ 18 ಡಿಗ್ರಿ ಹಿತ. ಮಡಿಕೇರಿಯ ಮಳೆಗಾಲದಲ್ಲಿ ಇದು ಕಷ್ಟವಿಲ್ಲ. ಕುಶಾಲನಗರದ ಮಾರ್ಚ್, ಏಪ್ರಿಲ್ ಬೇರೆಯೇ ಕಥೆ. ಕೊಡಗು ಅಂದ ಕೂಡಲೇ ಎಲ್ಲ ಕಡೆ ಒಂದೇ ತಂಪು ಅಂದುಕೊಳ್ಳಬಾರದು. ನೀರಿನಲ್ಲಿ ಥರ್ಮಾಮೀಟರ್ ಇರಲಿ.

ಇನ್ನು ನಮ್ಮ ಊರಿನದೇ ಕೆಲವು ವಿಷಯ. ಪೇಟೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಆ ನೀರನ್ನು ನೇರ ಟ್ಯಾಂಕಿಗೆ ಸುರಿದರೆ ಚರ್ಮ, ಕಿವಿರು ಎರಡೂ ಉರಿಯುತ್ತವೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಬಹುದು.

ತೋಟದ ಮನೆಗಳಲ್ಲಿ ಇನ್ನೊಂದು ಅಪಾಯ ಇದೆ, ಇದರ ಬಗ್ಗೆ ಯಾವ ವಿದೇಶಿ ಕೈಪಿಡಿಯೂ ನಮಗೆ ಹೇಳಿಕೊಡುವುದಿಲ್ಲ. ಕಾಫಿಗೆ, ಮೆಣಸಿನ ಬಳ್ಳಿಗೆ ರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತ, ಸುಣ್ಣ ಕಲಸಿದ ಡ್ರಮ್ಮುಗಳು ಕೆಲಸ ಮುಗಿದ ಮೇಲೆ ಮನೆ ಹಿಂದೆ ಮಳೆನೀರು ಹಿಡಿಯಲು ನಿಲ್ಲುತ್ತವೆ. ಒಳಗೋಡೆಯಲ್ಲಿ ತೆಳು ನೀಲಿ ಕಟ್ಟು ಹಾಗೇ ಇರುತ್ತದೆ. ಮೈಲುತುತ್ತದಲ್ಲಿರುವ ತಾಮ್ರ ಗೊದಮೊಟ್ಟೆಗಳಿಗೆ ವಿಷ. ಮಳೆನೀರಿನಂಥ ಮೆದು ನೀರಿನಲ್ಲಿ ತಾಮ್ರದ ಕಾಟ ಇನ್ನೂ ಜಾಸ್ತಿ. ಮಕ್ಕಳು ಆ ಡ್ರಮ್ಮಿನ ನೀರನ್ನೇ ಮೊಗೆದು ಗೊದಮೊಟ್ಟೆ ಬಕೆಟ್ಟಿಗೆ ತುಂಬಿಸುತ್ತಾರೆ. ಬೆಳಗ್ಗೆ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ ಯಾವುದೋ ರೋಗ ಬಂತು ಅಂದುಕೊಳ್ಳುತ್ತೇವೆ.

ಬೋರ್‌ವೆಲ್ ನೀರಿನದು ನಿಜಕ್ಕೂ ವಿಚಿತ್ರ. ಭೂಮಿಯ ಆಳದಲ್ಲಿ ಒತ್ತಡ ಜಾಸ್ತಿ, ಅಲ್ಲಿ ನೀರಿನಲ್ಲಿ ಗಾಳಿ, ಮುಖ್ಯವಾಗಿ ಸಾರಜನಕ, ಹೆಚ್ಚು ಕರಗಿರುತ್ತದೆ. ಮೇಲೆ ಬಂದಾಗ ಅದು ಹೊರಗೆ ಹೋಗಲು ನೋಡುತ್ತದೆ. ನೀರಲ್ಲೇ ಇರುವ ಕಪ್ಪೆಯ ಚರ್ಮದ ಮೂಲಕ ಅದು ರಕ್ತಕ್ಕೂ ಸೇರಿ ಅಲ್ಲಿ ಗುಳ್ಳೆಯಾಗುತ್ತದೆ. ಹಿಂಗಾಲಿನ ಬೆರಳುಗಳ ನಡುವಿನ ತೆಳು ಪೊರೆಯನ್ನು ಬೆಳಕಿಗೆ ಹಿಡಿದರೆ ರಕ್ತನಾಳಗಳ ಪಕ್ಕದಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಗಳು ಸಾಲಾಗಿ ಕಾಣುತ್ತವೆ. ಕಾಲು ಕೆಂಪಾಗುತ್ತದೆ, ಕಪ್ಪೆ ಮುಳುಗಲಾರದೆ ತೇಲುತ್ತದೆ. ಪ್ರಯೋಗಾಲಯಗಳಲ್ಲಿ ಸಾಕುವ ಆಫ್ರಿಕನ್ ಕಪ್ಪೆಗಳಲ್ಲಿ ಇದನ್ನು ಚೆನ್ನಾಗಿ ದಾಖಲಿಸಿದ್ದಾರೆ. ಪಂಪಿನ ಪೈಪು ಎಲ್ಲೋ ಸಡಿಲವಾಗಿ ನೀರಿನ ಜೊತೆ ಗಾಳಿ ಎಳೆದುಕೊಂಡರೂ ಹೀಗಾಗುತ್ತದೆ. ತಣ್ಣೀರನ್ನು ಬೇಗ ಬಿಸಿ ಮಾಡಿದರೂ ಆಗುತ್ತದೆ. ಪರಿಹಾರ ಸುಲಭ. ಬೋರ್ ನೀರನ್ನು ಒಂದು ರಾತ್ರಿ ತೊಟ್ಟಿಯಲ್ಲಿ ಬಿಟ್ಟು, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ ಕದಡಿ, ಆಮೇಲೆ ಬಳಸಿ. ಈ ಕಾಯಿಲೆಗೆ ಯಾವ ಮುಲಾಮೂ ಇಲ್ಲ.

ನಮ್ಮ ಕೈಯೂ ಒಂದು ಕಾರಣ. ತೋಟಕ್ಕೆ ಹೋಗುವಾಗ ಜಿಗಣೆಗೆ ಅಂತ ಉಪ್ಪು, ಹೊಗೆಸೊಪ್ಪು, ಡೆಟಾಲ್ ಸವರಿಕೊಂಡಿರುತ್ತೇವೆ. ಅದೇ ಕೈಯಲ್ಲಿ ಕಪ್ಪೆ ಹಿಡಿದರೆ ಅದರ ಮೈ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಸೊಳ್ಳೆ ಕ್ರೀಮು, ಸ್ಯಾನಿಟೈಸರ್, ನೆಲ ಒರೆಸಿದ ಫಿನಾಯಿಲ್, ಎಲ್ಲವೂ ಹಾಗೇ. ಮುಟ್ಟಲೇಬೇಕಾದರೆ ನೈಟ್ರೈಲ್ ಗ್ಲೌಸ್ ಹಾಕಿ, ಕ್ಲೋರಿನ್ ಇಲ್ಲದ ನೀರಲ್ಲಿ ತೊಳೆದು ಮುಟ್ಟಿ. ಲ್ಯಾಟೆಕ್ಸ್ ಗ್ಲೌಸ್ ಬೇಡ. ಅದರಿಂದ ಗೊದಮೊಟ್ಟೆಗಳು ಸತ್ತಿರುವುದು ದಾಖಲಾಗಿದೆ.

ಕೈಟ್ರಿಡ್

ಈಗ ನಿಜವಾಗಿ ಚರ್ಮಕ್ಕೇ ಬರುವ ರೋಗ. ಕಪ್ಪೆ ಸಾಕುವವರೂ ಸಾಕದವರೂ ತಿಳಿದಿರಬೇಕಾದದ್ದು.

1990ರ ದಶಕದಲ್ಲಿ ಆಸ್ಟ್ರೇಲಿಯಾ, ಮಧ್ಯ ಅಮೆರಿಕದ ಕಾಡುಗಳಲ್ಲಿ ಕಪ್ಪೆಗಳು ಗುಂಪುಗುಂಪಾಗಿ ಸಾಯುತ್ತಿದ್ದವು. ಮನುಷ್ಯರ ಕಾಟವಿಲ್ಲದ ಹೊಳೆಗಳಲ್ಲೂ ಸಾಯುತ್ತಿದ್ದವು. 1998ರಲ್ಲಿ ಸತ್ತ ಕಪ್ಪೆಗಳ ಚರ್ಮದಲ್ಲಿ ಕೈಟ್ರಿಡ್ ಅನ್ನುವ ಬಗೆಗೆ ಸೇರಿದ ಒಂದು ಶಿಲೀಂಧ್ರ ಕಂಡಿತು. 1999ರಲ್ಲಿ ಅದಕ್ಕೆ ಹೆಸರು ಬಿತ್ತು: ಬ್ಯಾಟ್ರಕೋಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್. ಹೆಸರಿಡಲು ಆಧಾರವಾದ ಮಾದರಿ ಯಾವುದೋ ಕಾಡಿನದಲ್ಲ. ಅಮೆರಿಕದ ವಾಷಿಂಗ್ಟನ್ ಮೃಗಾಲಯದಲ್ಲಿ ಸಾಕಿದ್ದ, ಅಲ್ಲೇ ಸತ್ತ ಒಂದು ನೀಲಿ ವಿಷಗಪ್ಪೆಯ ಚರ್ಮದ್ದು. ಅಂದರೆ ಜಗತ್ತಿನ ಕಾಡುಗಳನ್ನು ಖಾಲಿ ಮಾಡುತ್ತಿದ್ದ ಶಿಲೀಂಧ್ರಕ್ಕೆ ಹೆಸರು ಸಿಕ್ಕಿದ್ದು ಗಾಜಿನ ಪೆಟ್ಟಿಗೆಯೊಳಗಿನ ಕಪ್ಪೆಯಿಂದ.

ಈ ಶಿಲೀಂಧ್ರ ಇರುವುದು ಚರ್ಮದ ಮೇಲ್ಪದರದಲ್ಲಿ, ಕೆರಾಟಿನ್ ಇರುವ ಕಡೆ. ಕೆರಾಟಿನ್ ಅಂದರೆ ನಮ್ಮ ಉಗುರು, ಕೂದಲಿನಲ್ಲಿರುವ ಗಟ್ಟಿ ಪ್ರೋಟೀನ್. ಬಾಲವಿರುವ ಈಜುವ ಬೀಜಕಣಗಳು ನೀರಿನಲ್ಲಿ ಬಂದು ಚರ್ಮದ ಕೋಶದೊಳಗೆ ಸೇರಿಕೊಳ್ಳುತ್ತವೆ, ಬೆಳೆಯುತ್ತವೆ, ಮತ್ತೆ ನೀರಿಗೆ ಬೀಜಕಣ ಬಿಡುತ್ತವೆ. ಗೊದಮೊಟ್ಟೆಯಲ್ಲಿ ಕೆರಾಟಿನ್ ಇರುವುದು ಬಾಯಿಯ ಸುತ್ತ ಮಾತ್ರ. ಹಾಗಾಗಿ ರೋಗ ತಗುಲಿದ ಗೊದಮೊಟ್ಟೆ ಬದುಕಿರಬಹುದು, ಈಜಾಡಿಕೊಂಡಿರಬಹುದು. ಕಾಲು ಬಂದು, ಬಾಲ ಕರಗಿ, ಮೈಯ ಚರ್ಮ ಬಲಿತಾಗ ಶಿಲೀಂಧ್ರ ಮೈಯೆಲ್ಲ ಹರಡುತ್ತದೆ. ಮರಿಗಪ್ಪೆ ಸಾಯುತ್ತದೆ. ಇಷ್ಟು ದಿನ ಚೆನ್ನಾಗಿದ್ದವು, ಕಪ್ಪೆ ಆದ ಮೇಲೆ ಒಂದೊಂದೇ ಹೋದವು ಅನ್ನುವ ಮಾತು ಕೇಳಿದರೆ ಇದೂ ಒಂದು ಅನುಮಾನ ಇರಬೇಕು.

ಮೇಲ್ಪದರದ ರೋಗಕ್ಕೆ ಜೀವ ಯಾಕೆ ಹೋಗುತ್ತದೆ? ಇದಕ್ಕೆ ಉತ್ತರ ಸಿಗಲು ಹತ್ತು ವರ್ಷ ಹಿಡಿಯಿತು. 2009ರಲ್ಲಿ ಪ್ರಕಟವಾದ ಅಧ್ಯಯನ ರೋಗ ಬಂದ ಕಪ್ಪೆಗಳ ಚರ್ಮವನ್ನೂ ರಕ್ತವನ್ನೂ ಪರೀಕ್ಷಿಸಿತ್ತು. ಚರ್ಮದ ಮೂಲಕ ಸೋಡಿಯಂ ಒಳಗೆ ಬರುವುದು ತೀರಾ ಕಡಿಮೆಯಾಗಿತ್ತು. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಕುಸಿದಿದ್ದವು. ಕೊನೆಗೆ ಹೃದಯ ನಿಲ್ಲುತ್ತಿತ್ತು. ಹೊರಗೆ ದೊಡ್ಡ ಗಾಯ ಏನೂ ಕಾಣದಿರುವ ಕಪ್ಪೆಯೂ ಹೀಗೆ ಸಾಯಬಹುದು.

ಹಾಗಾದರೆ ಏನು ನೋಡಬೇಕು? ಪೊರೆ ಮೇಲಿಂದ ಮೇಲೆ ಬೀಳುವುದು. ಹೊಟ್ಟೆಯ ಚರ್ಮ ಮಂಕಾಗಿ ದಪ್ಪಗಾಗುವುದು. ಹಗಲಿನಲ್ಲಿ ಬಯಲಲ್ಲಿ ಹಿಂಗಾಲು ಚಾಚಿಕೊಂಡು ಕೂರುವುದು. ಮಗುಚಿ ಹಾಕಿದರೆ ತಿರುಗಿಕೊಳ್ಳಲು ಆಗದಿರುವುದು. ಖಚಿತ ಮಾಡಿಕೊಳ್ಳಲು ಹತ್ತಿಯ ಸ್ವಾಬ್‌ನಿಂದ ಹೊಟ್ಟೆ, ತೊಡೆ, ಬೆರಳ ಸಂದು ಒರೆಸಿ ಪಿಸಿಆರ್ ಪರೀಕ್ಷೆಗೆ ಕಳಿಸಬೇಕು. ಕೊರೋನಾ ಕಾಲದಲ್ಲಿ ನಾವೆಲ್ಲ ಮಾಡಿಸಿಕೊಂಡದ್ದು ಈ ಬಗೆಯ ಪರೀಕ್ಷೆಯೇ. ಇದಕ್ಕೆ ಚಿಕಿತ್ಸೆ ಇದೆ. ಇಟ್ರಾಕೊನಜೋಲ್ ಅನ್ನುವ ಶಿಲೀಂಧ್ರ ಔಷಧಿಯನ್ನು ತುಂಬಾ ತೆಳುವಾಗಿ ನೀರಿಗೆ ಬೆರೆಸಿ ದಿನಕ್ಕೆ ಕೆಲವು ನಿಮಿಷ ಸ್ನಾನ ಮಾಡಿಸುತ್ತಾರೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ, ಅದರಲ್ಲೂ ಮರಿಗಳಿಗೆ, ಔಷಧಿಯೇ ಕೊಲ್ಲುತ್ತದೆ. ಪಶುವೈದ್ಯರನ್ನು ಕೇಳದೆ ಮಾಡಬೇಡಿ.

ಈ ಶಿಲೀಂಧ್ರಕ್ಕೆ ಹಿತವಾದ ಬಿಸಿ 17ರಿಂದ 25 ಡಿಗ್ರಿ. 28 ದಾಟಿದರೆ ಅದರ ಬೆಳವಣಿಗೆ ನಿಲ್ಲುತ್ತದೆ. ಕೊಡಗಿನವರು ಈ ಅಂಕಿಗಳನ್ನು ಇನ್ನೊಮ್ಮೆ ಓದಬೇಕು. ನಮ್ಮ ಹೊಳೆ, ತೋಡುಗಳಲ್ಲಿ ವರ್ಷದ ಬಹುಪಾಲು ಇರುವುದು ಇದೇ ಬಿಸಿ.

ರೋಗ ಜಗತ್ತಿಗೆ ಹರಡಿದ್ದು ಹೇಗೆ? ಪ್ರಾಣಿ ವ್ಯಾಪಾರದಿಂದ. 1930ರ ದಶಕದಲ್ಲಿ ಹೆಂಗಸರು ಬಸುರಿಯೋ ಅಲ್ಲವೋ ಅಂತ ತಿಳಿಯಲು ಅವರ ಮೂತ್ರವನ್ನು ಆಫ್ರಿಕನ್ ಕಪ್ಪೆಗೆ ಚುಚ್ಚುತ್ತಿದ್ದರು, ಕಪ್ಪೆ ಮೊಟ್ಟೆ ಇಟ್ಟರೆ ಬಸುರಿ ಎಂದರ್ಥ. ಅದಕ್ಕಾಗಿ ಆ ಕಪ್ಪೆಗಳು ಸಾವಿರಾರು ಸಂಖ್ಯೆಯಲ್ಲಿ ಹಡಗು ಹತ್ತಿದವು. ಅವು ಶಿಲೀಂಧ್ರವನ್ನು ಹೊತ್ತರೂ ಹೆಚ್ಚಾಗಿ ಕಾಯಿಲೆ ಬೀಳುವುದಿಲ್ಲ. ಇದೇ ಜಾತಿಯ ಬಿಳಿ ಕಪ್ಪೆಯನ್ನೇ ಇವತ್ತು ಅಕ್ವೇರಿಯಂಗೆ ಮಾರುವುದು. ಶಿಲೀಂಧ್ರದ ಮೂಲ ಎಲ್ಲಿ ಅನ್ನುವುದನ್ನು 2018ರ ಒಂದು ಜೀನ್ ಅಧ್ಯಯನ ಹುಡುಕಿ, ಕೊರಿಯಾ ಕಡೆಗೆ ಬೊಟ್ಟು ಮಾಡಿತು. 2019ರ ಲೆಕ್ಕದ ಪ್ರಕಾರ ಕನಿಷ್ಠ 501 ಉಭಯವಾಸಿ ಜಾತಿಗಳು ಈ ರೋಗದಿಂದ ಕುಗ್ಗಿವೆ, 90 ಜಾತಿಗಳು ಅಳಿದೇ ಹೋಗಿವೆ ಅಂತ ನಂಬಲಾಗಿದೆ. ಬೇರೆ ಯಾವ ರೋಗಾಣುವೂ ಇಷ್ಟು ಜಾತಿಗಳಿಗೆ ಪೆಟ್ಟು ಕೊಟ್ಟ ದಾಖಲೆ ಇಲ್ಲ.

ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಈ ಶಿಲೀಂಧ್ರ ಸಿಕ್ಕಿದೆ. ಆದರೆ ಮಧ್ಯ ಅಮೆರಿಕದ ಪನಾಮಾದಲ್ಲಿ ಆದ ಹಾಗೆ ಇಲ್ಲಿ ರಾಶಿ ಸಾವು ಕಂಡಿಲ್ಲ. ಏಷ್ಯಾದ ಕಪ್ಪೆಗಳು ಬಹಳ ಕಾಲದಿಂದ ಇದರ ಜೊತೆ ಬಾಳಿ ಹೊಂದಿಕೊಂಡಿರಬಹುದು ಅನ್ನುವುದು ಹಲವು ವಿಜ್ಞಾನಿಗಳ ಅಭಿಪ್ರಾಯ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯವರು ಭಾರತದಲ್ಲಿರುವ ತಳಿಗಳನ್ನು ಹಿಡಿಯಬಲ್ಲ ಪರೀಕ್ಷೆಯನ್ನೇ ರೂಪಿಸಿದ್ದಾರೆ. ಇಷ್ಟಕ್ಕೆ ನಿರಾಳ ಆಗಬಾರದು ಅನ್ನುವುದು ನನ್ನ ಮಾತು. ಇಲ್ಲಿನ ತಳಿಗೆ ಒಗ್ಗಿಕೊಂಡಿದ್ದರೂ ಹೊರಗಿನಿಂದ ಬರುವ ಬೇರೆ ತಳಿಗೆ ನಮ್ಮ ಕಪ್ಪೆಗಳು ಒಗ್ಗಿಕೊಂಡಿರುತ್ತವೆ ಅಂತ ಹೇಳಲಾಗದು.

ಇದಕ್ಕೊಂದು ತಮ್ಮನೂ ಇದ್ದಾನೆ. ಸಾಲಮ್ಯಾಂಡರ್‌ಗಳ ಚರ್ಮವನ್ನು ತೂತು ಬಿದ್ದ ಹಾಗೆ ಕೊರೆಯುವ ಇನ್ನೊಂದು ಕೈಟ್ರಿಡ್ ಅನ್ನು 2013ರಲ್ಲಿ ಗುರುತಿಸಿದರು. ನೆದರ್ಲೆಂಡ್ಸ್‌ನ ಬೆಂಕಿ ಸಾಲಮ್ಯಾಂಡರ್‌ಗಳು ಅದರಿಂದ ಹೆಚ್ಚುಕಮ್ಮಿ ಇಲ್ಲವಾದವು. ಅದು ಏಷ್ಯಾದಿಂದ ಸಾಕುಪ್ರಾಣಿ ವ್ಯಾಪಾರದಲ್ಲಿ ಹೋಯಿತು. ಅಮೆರಿಕ 2016ರಲ್ಲಿ 201 ಜಾತಿಯ ಸಾಲಮ್ಯಾಂಡರ್‌ಗಳ ಆಮದನ್ನು ತಡೆದದ್ದು ಇದೇ ಭಯಕ್ಕೆ.

ನಾಲಿಗೆ ಚಿಕ್ಕದಾದ ಕಪ್ಪೆ

ಅಮೆರಿಕದ ವಯೋಮಿಂಗ್‌ನಲ್ಲಿ ಒಂದು ನೆಲಗಪ್ಪೆ ಇದೆ. ಕಾಡಿನಲ್ಲಿ ಬಹುತೇಕ ಮುಗಿದೇ ಹೋಗಿ, ಉಳಿದವನ್ನು ಸಾಕಿ ಮರಿ ಮಾಡಿಸಿ ಬಿಡುತ್ತಿದ್ದಾರೆ. ಆ ಸಾಕಣೆ ಕೇಂದ್ರಗಳಲ್ಲಿ ಒಂದು ವಿಚಿತ್ರ ಕಂಡಿತು. ಕಪ್ಪೆ ಹುಳ ನೋಡುತ್ತದೆ, ಗುರಿ ಇಡುತ್ತದೆ, ನಾಲಿಗೆ ಚಾಚುತ್ತದೆ, ಹುಳ ಸಿಗುವುದಿಲ್ಲ. ಮತ್ತೆ ಮತ್ತೆ ಹಾಗೇ. ನಾಲಿಗೆಯೇ ಚಿಕ್ಕದಾಗಿದೆ ಅಂದುಕೊಂಡು ನೋಡಿಕೊಳ್ಳುವವರು ಅದನ್ನು ಗಿಡ್ಡ ನಾಲಿಗೆಯ ಕಾಯಿಲೆ ಅಂತ ಕರೆದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾಲಿಗೆಯ ಅಂಟು ಮಾಡುವ ಲೋಳೆ ಗ್ರಂಥಿಗಳೇ ಹೋಗಿದ್ದವು. ಅವುಗಳ ಜಾಗದಲ್ಲಿ ಒಣ, ಗಟ್ಟಿ ಕೋಶಗಳಿದ್ದವು. ನಾಲಿಗೆ ಹುಳಕ್ಕೆ ತಾಗುತ್ತಿತ್ತು, ಅಂಟುತ್ತಿರಲಿಲ್ಲ. ಕಾರಣ ವಿಟಮಿನ್ ಎ ಕೊರತೆ.

ಚರ್ಮದ ಲೇಖನದಲ್ಲಿ ನಾಲಿಗೆ ಯಾಕೆ? ಒದ್ದೆಯಾಗಿರಬೇಕಾದ ಪದರಗಳನ್ನೆಲ್ಲ ಒದ್ದೆ ಇಡುವುದು ಈ ವಿಟಮಿನ್. ಅದು ಕಡಿಮೆಯಾದರೆ ಕಣ್ಣಿನ ರೆಪ್ಪೆ ಊದುತ್ತದೆ, ಲೋಳೆ ಬತ್ತುತ್ತದೆ, ಸೋಂಕು ಸುಲಭವಾಗಿ ಒಳಗೆ ಬರುತ್ತದೆ. ಆಮೇಲೆ ಆ ಸೋಂಕಿಗೆ ಔಷಧಿ ಹಾಕುತ್ತಾ ಕೂರುತ್ತೇವೆ.

ಕಾಡಿನ ಕಪ್ಪೆ ಹತ್ತಾರು ಬಗೆಯ ಹುಳು ತಿನ್ನುತ್ತದೆ. ಸಾಕಿದ ಕಪ್ಪೆಗೆ ಸಿಗುವುದು ಅಂಗಡಿಯ ಜೀರುಂಡೆ, ಇಲ್ಲವೇ ಹಿಟ್ಟಿನ ಹುಳು. ಅದೂ ಹಸಿದು ಬಂದದ್ದು. ಹುಳುಗಳಿಗೆ ಹಿಂದಿನ ದಿನವೇ ಕ್ಯಾರೆಟ್, ಸಿಹಿಗುಂಬಳ, ಸೊಪ್ಪು ತಿನ್ನಿಸಿ ಆಮೇಲೆ ಕಪ್ಪೆಗೆ ಹಾಕುವುದು ಒಳ್ಳೆಯ ಅಭ್ಯಾಸ. ಕೆಂಪುಕಣ್ಣಿನ ಮರಗಪ್ಪೆಗಳಿಗೆ ಕೆರೋಟಿನಾಯ್ಡ್ (ಕ್ಯಾರೆಟ್, ಸಿಹಿಗುಂಬಳಕ್ಕೆ ಬಣ್ಣ ಕೊಡುವ ವಸ್ತು) ಇರುವ ಆಹಾರ ಕೊಟ್ಟಾಗ ಅವುಗಳ ಬಣ್ಣ ಗಾಢವಾಯಿತು, ಮೊಟ್ಟೆಯೂ ಜಾಸ್ತಿ ಇಟ್ಟವು. ಕಪ್ಪೆಗಳಿಗೆಂದೇ ಮಾಡಿದ ವಿಟಮಿನ್ ಪುಡಿಯನ್ನು ಹುಳುಗಳ ಮೇಲೆ ಉದುರಿಸುವುದೂ ಉಂಟು. ಆದರೆ ವಿಟಮಿನ್ ಎ ಮಿತಿ ಮೀರಿದರೆ ವಿಟಮಿನ್ ಡಿ ಕೆಲಸಕ್ಕೆ ಅಡ್ಡ ಬಂದು ಮೂಳೆ ಮೆದುವಾಗುತ್ತದೆ. ನಮ್ಮ ಮನೆಯ ಮಾತ್ರೆ ಒಡೆದು ಹಾಕುವುದು ಬೇಡ.

ಅಪರೂಪದ ಇನ್ನು ಕೆಲವು

ತೊಡೆಯ ಒಳಬದಿ, ಹೊಟ್ಟೆ ಕೆಂಪಾಗುವುದಕ್ಕೆ ರೆಡ್ ಲೆಗ್ ಅನ್ನುತ್ತಾರೆ. ನೂರು ವರ್ಷಕ್ಕೂ ಹಳೆಯ ಹೆಸರು. ಏರೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಇದಕ್ಕೆ ಕಾರಣ ಅಂತ ಬಹಳ ಕಾಲ ಹೇಳುತ್ತಿದ್ದರು. ಆ ಬ್ಯಾಕ್ಟೀರಿಯಾ ಎಲ್ಲ ಕೆರೆ ನೀರಿನಲ್ಲೂ ಇದೆ. ಕಪ್ಪೆ ಬೇರೆ ಕಾರಣಕ್ಕೆ ಸೋತಾಗ ರಕ್ತಕ್ಕೆ ನುಗ್ಗುತ್ತದೆ. ರಾನಾವೈರಸ್ ಬಂದರೂ ತೊಡೆ ಕೆಂಪಾಗುತ್ತದೆ, ಹುಣ್ಣಾಗುತ್ತದೆ. ಆ ವೈರಸ್ ಬಳಗ ಮೀನು, ಕಪ್ಪೆ, ಆಮೆ ಮೂರಕ್ಕೂ ಬರುತ್ತದೆ, ಹಾಗಾಗಿ ಒಂದೇ ಟ್ಯಾಂಕಿನಲ್ಲಿ ಇವನ್ನು ಕೂಡಿಸಬಾರದು. ಹಾಗಂತ ಕೆಂಪೆಲ್ಲ ರೋಗ ಅಲ್ಲ. ನಮ್ಮ ತೋಟಗಳಲ್ಲಿರುವ ಹಾರುವ ಕಪ್ಪೆಯ ಬೆರಳ ನಡುವಿನ ಪೊರೆ ಹುಟ್ಟಿನಿಂದಲೇ ಕೆಂಪು.

ಆಫ್ರಿಕನ್ ಕಪ್ಪೆಯ ಚರ್ಮದೊಳಗೆ ಸುರಂಗ ತೋಡಿ ಬದುಕುವ ದಾರದಂಥ ಹುಳವೊಂದಿದೆ. ಬೆನ್ನು ಒರಟಾಗಿ, ಬೂದು ಬಣ್ಣಕ್ಕೆ ತಿರುಗಿ, ಹೊಟ್ಟು ಉದುರಿದಂತೆ ಸುಲಿಯುತ್ತದೆ. ತಿಂಗಳುಗಟ್ಟಲೆ ಕಪ್ಪೆ ಸೊರಗುತ್ತದೆ. ನೀರು ಎಷ್ಟು ಬದಲಿಸಿದರೂ ಇದು ಹೋಗುವುದಿಲ್ಲ, ಜಂತುಹುಳದ ಔಷಧಿಯೇ ಬೇಕು. ಸುಲಿದ ಚರ್ಮದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಹುಳವೂ ಮೊಟ್ಟೆಯೂ ಕಾಣುತ್ತದೆ.

ಸಾಲಮ್ಯಾಂಡರ್ ಬಳಗದ, ಜಪಾನಿನ ಕೆಂಪುಹೊಟ್ಟೆ ನ್ಯೂಟ್‌ಗಳ ಮೈಮೇಲೆ ನರುಳ್ಳೆಯಂಥ ಗಂಟು ಏಳುವುದುಂಟು. ಕೆಲವು ತಾವಾಗೇ ಹೋಗುತ್ತವೆ. ಇವನ್ನು ಕತ್ತರಿಸಲು ಹೋಗಬಾರದು. ಹೊಸ ಪೆಟ್ಟಿಗೆಗೆ ಬಂದ ಕಪ್ಪೆ ಗಾಜು ಕಾಣದೆ ಹಾರಿ ಹಾರಿ ಮೂಗು ಕೆತ್ತಿಕೊಳ್ಳುತ್ತದೆ. ಹೊರಗಿನಿಂದ ಗಾಜಿಗೆ ಕಾಗದ ಅಂಟಿಸಿದರೆ ಸಾಕು.

ಗಂಟು, ವಾಸಿಯಾಗದ ಹುಣ್ಣಿನಲ್ಲಿ ಒಂದು ಬಗೆ ಮನುಷ್ಯರಿಗೂ ಬರುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ಬಳಗಕ್ಕೇ ಸೇರಿದ, ನೀರಿನಲ್ಲಿರುವ ಮೈಕೊಬ್ಯಾಕ್ಟೀರಿಯಂ ಅದು. ಗಾಯವಿರುವ ಕೈಯನ್ನು ಟ್ಯಾಂಕಿಗೆ ಹಾಕಿದರೆ ಕೆಲವು ವಾರಗಳ ನಂತರ ಬೆರಳಿನಲ್ಲಿ, ಮೊಣಕೈ ಕೆಳಗೆ ಗಂಟು ಏಳಬಹುದು. ಕಾಫಿ ಕೊಯ್ಲಿನ ಕಾಲದಲ್ಲಿ ಕೈ ತುಂಬ ಗೀರಿರುತ್ತದೆ, ಅಲ್ವಾ. ಗ್ಲೌಸ್ ಇಲ್ಲದೆ ಟ್ಯಾಂಕ್ ತೊಳೆಯಬೇಡಿ. ವಾಸಿಯಾಗದ ಗಂಟಿದ್ದರೆ ಡಾಕ್ಟರಿಗೆ ಟ್ಯಾಂಕಿನ ವಿಷಯವನ್ನೂ ಹೇಳಿ. ಹೇಳದಿದ್ದರೆ ಅವರಿಗೆ ಅದು ಹೊಳೆಯುವುದು ಕಷ್ಟ.

ವೈದ್ಯರಿಗೆ ಏನು ಹೇಳಬೇಕು, ನೀರು ಎಲ್ಲಿ ಚೆಲ್ಲಬೇಕು

ನಮ್ಮ ಕಡೆಯ ಪಶುವೈದ್ಯರಿಗೆ ದನ, ನಾಯಿ, ಹಂದಿ ನೋಡಿಯೇ ಹೊತ್ತು ಸಾಲುವುದಿಲ್ಲ. ಕಪ್ಪೆ ಹಿಡಿದು ಹೋಗುವವರು ಸ್ವಲ್ಪ ತಯಾರಾಗಿ ಹೋದರೆ ಅವರಿಗೂ ಅನುಕೂಲ. ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೆಳಗಿನಿಂದ ಹೊಟ್ಟೆಯ ಫೋಟೋ ತೆಗೆಯಿರಿ. ನೀರಿನ ಬಿಸಿ, ಅಮೋನಿಯಾ ಅಂಕಿ, ನೀರು ಎಲ್ಲಿಂದ ಬಂತು, ಏನು ತಿನ್ನುತ್ತದೆ, ಹೊಸ ಪ್ರಾಣಿ ಯಾವಾಗ ಸೇರಿಸಿದಿರಿ, ಬರೆದುಕೊಂಡು ಹೋಗಿ. ಸತ್ತುಹೋದರೆ ಕೂಡಲೇ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹೆಪ್ಪುಗಟ್ಟಿದರೆ ಕೋಶಗಳು ಒಡೆದು ಪರೀಕ್ಷೆಗೆ ಬರುವುದಿಲ್ಲ. ಕಪ್ಪೆ ಬಹಳ ಬೇಗ ಕೊಳೆಯುತ್ತದೆ, ಹೊರಗೆ ಬಿಟ್ಟರೆ ಅದೇ ದಿನ ಏನೂ ಉಳಿಯುವುದಿಲ್ಲ. ಹೊಸದಾಗಿ ತಂದದ್ದನ್ನು ಕನಿಷ್ಠ ಒಂದು ತಿಂಗಳು ಬೇರೆ ಟ್ಯಾಂಕಿನಲ್ಲಿ, ಬೇರೆ ಬಲೆ, ಬೇರೆ ಮಗ್ ಇಟ್ಟು ನೋಡಿಕೊಳ್ಳಿ. ಆಕ್ಸಲಾಟಲ್, ವನ್ಯಜೀವಿ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಡಿನ, ತೋಟದ ಕಪ್ಪೆಗಳನ್ನು ಹಿಡಿದು ಸಾಕುವುದಂತೂ ಬೇಡವೇ ಬೇಡ. ಮಕ್ಕಳು ಗೊದಮೊಟ್ಟೆ ತಂದಿದ್ದರೆ ಒಂದೆರಡು ದಿನ ನೋಡಿ, ತಂದ ಗದ್ದೆಗೇ ಬಿಟ್ಟುಬರಲಿ. ಅಕ್ವೇರಿಯಂನ ಯಾವ ಪ್ರಾಣಿಯ ಹತ್ತಿರವೂ ಅವು ಹೋಗಿರಬಾರದು.

ನಾನು ಎಲ್ಲಕ್ಕಿಂತ ಹೆಚ್ಚು ಕೇಳಿಕೊಳ್ಳುವುದು ಟ್ಯಾಂಕ್ ತೊಳೆದ ನೀರಿನ ಬಗ್ಗೆ. ಕೊಡಗಿನಲ್ಲಿ ಮನೆಯ ಹಿಂದೆ ಚೆಲ್ಲಿದ ನೀರು ಚರಂಡಿಗೆ, ಅಲ್ಲಿಂದ ತೋಡಿಗೆ, ಅಲ್ಲಿಂದ ಹೊಳೆಗೆ ಹೋಗುತ್ತದೆ. ಆ ತೋಡುಗಳಲ್ಲಿ ಜಗತ್ತಿನ ಬೇರೆ ಎಲ್ಲೂ ಇಲ್ಲದ ಕಪ್ಪೆಗಳಿವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಕೊಡಗಿನ ಒಂದು ಇರುಳುಗಪ್ಪೆಯನ್ನು ವಿವರಿಸಿದರು. ಆಮೇಲೆ 91 ವರ್ಷ ಅದರ ಸುಳಿವಿರಲಿಲ್ಲ. ಮತ್ತೆ ಸಿಕ್ಕಿತು ಅಂತ ಪ್ರಕಟವಾದದ್ದು 2011ರಲ್ಲಿ. ಇಂಥ ಕಪ್ಪೆ ಇರುವ ನೀರಿಗೆ ನಮ್ಮ ಟ್ಯಾಂಕಿನ ನೀರು ಹಾಗೇ ಸೇರಬಾರದು.

ಟ್ಯಾಂಕಿನ ನೀರನ್ನು ಬಕೆಟ್ಟಿಗೆ ತೆಗೆದು ಬ್ಲೀಚಿಂಗ್ ಪೌಡರ್ ಕಲಸಿ, ವಾಸನೆ ಜೋರಾಗಿ ಬರುವಷ್ಟು, ಒಂದು ದಿನ ಮುಚ್ಚದೆ ಬಿಡಿ. ಆಮೇಲೆ ತೋಡು, ಕೆರೆಯಿಂದ ದೂರದ ಗಟ್ಟಿ ನೆಲಕ್ಕೆ ಚೆಲ್ಲಿ. ಬಲೆ, ಕಲ್ಲು, ಬೂಟುಗಳನ್ನು ಪೂರ್ತಿ ಒಣಗಿಸಿದರೆ ಕೈಟ್ರಿಡ್ ಸಾಯುತ್ತದೆ ಅಂತ ಹೊರದೇಶದ ಸೂಚನೆಗಳಲ್ಲಿ ಬರೆದಿರುತ್ತದೆ. ಅದು ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಗಮ್‌ಬೂಟಿನ ಒಳಗೆ ಬೂಷ್ಟು ಬರುತ್ತದೆ. ನಮಗೆ ಬಿಸಿನೀರೇ ದಾರಿ. 60 ಡಿಗ್ರಿ ನೀರಿನಲ್ಲಿ ಐದು ನಿಮಿಷ ಮುಳುಗಿಸಿದರೆ ಈ ಶಿಲೀಂಧ್ರ ಸಾಯುತ್ತದೆ. ಬಚ್ಚಲಿನ ಹಂಡೆಯಲ್ಲಿ ಕುದಿಯುವ ನೀರು ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಬಲೆಯನ್ನೂ ಬೂಟಿನ ಅಟ್ಟೆಯನ್ನೂ ಮೊದಲು ಉಜ್ಜಿ ಮಣ್ಣು ತೆಗೆದು, ಆಮೇಲೆ ಆ ನೀರು ಹೊಯ್ದು ನೆನೆಸಿಡಿ. ಮಣ್ಣು ಮೆತ್ತಿಕೊಂಡಿದ್ದರೆ ಬಿಸಿ ಒಳಗೆ ಇಳಿಯುವುದಿಲ್ಲ.